ಸೇತುವೆ ಕಾಯ್ದವನು

ಲಗಮವ್ವ ಗಂಡನ ತುಟಿಗೆ ಚಹಾದ ಬಟ್ಟಲು ಹಚ್ಚಿದಳು. ಚಹಾ ಒಳಗೆ ಇಳಿಯಲಿಲ್ಲ. ಗದ್ದದ ಮೇಲೆ ಹರಿದು ಅಂಗಿ ತೋಯಿಸಿತು. ಸೆರಗಿನಿಂದ ಒರೆಸಿದಳು. ಮೈ ತಣ್ಣಗಿತ್ತು.

"ಶಿವಪುತ್ರಾ, ಬಾ ಇಲ್ಲೆ," ಎಂದಳು. ಮಗ ಬಂದು ನೋಡಿ ಅಪ್ಪನ ಕಣ್ಣು ಮುಚ್ಚಿದನು.

ಹೊತ್ತು ಏರುವುದರೊಳಗೆ ರನ್ನ ಬೆಳಗಲಿಯ ಮಂದಿ ಅಂಗಳ ತುಂಬಿದರು. ಪಾಂಡಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ಮನೆದೇವರು ಬೀರಪ್ಪನ ಅರಿಸಿನದ ಭಂಡಾರ ಹಚ್ಚಿದರು. ಶಿವಪುತ್ರ ಸೊಲ್ಲಾಪುರದ ತಂಗಿಗೆ ಫೋನು ಮಾಡಿ ಬಂದನು. ಭಾಗ್ಯಾ ಮುಂಜಾನೆಯ ರೈಲಿಗೇ ಹೊರಡುವೆನೆಂದಿದ್ದಳು. ಬಾಗಲಕೋಟೆಯಲ್ಲಿ ಇಳಿದು ಮೂರರ ಬಸ್ಸು ಹಿಡಿಯಬೇಕು. ಅದು ತಪ್ಪಿದರೆ ಮುಂದಿನದು ಆರಕ್ಕೆ. ಮಣ್ಣು ಮಾಡುವುದು ಮಾತ್ರ ಹೊತ್ತು ಮುಳುಗುವ ಮೊದಲೇ ಆಗಬೇಕು.

"ನಮ್ಮನ್ನೂ ಬಾಗಲದಾಗ ನಿಂದರಿಸಿ, ಎಲ್ಲಿಗಿ ಹೊಂಟಿ ಅಂತ ಕೇಳೇ ಬಿಡತಿದ್ದ," ಎಂದು ನೆರೆಮನೆಯ ಹಾಲವ್ವ ನಗಲು ಹೋಗಿ ಅತ್ತಳು.

* * *

ಬಾಗಲಕೋಟೆಯ ಆಚೆ, ಸೊಲ್ಲಾಪುರದ ದಾರಿಯಲ್ಲಿ, ಹೊಳೆಯ ಹಳೆಯ ರೈಲು ಸೇತುವೆಗೆ ಪಾಂಡಪ್ಪ ಹನ್ನೊಂದು ವರ್ಷ ಕಾವಲಿದ್ದನು. ಕಬ್ಬಿಣ ಸವೆದಿತ್ತು. ಪ್ರತಿ ಗಾಡಿಯೂ ಅವನ ಮುಂದೆ ನಿಲ್ಲಬೇಕು. ಚಾಲಕ ಅವನ ಪುಸ್ತಕದಲ್ಲಿ ಸಹಿ ಮಾಡಬೇಕು. ಅವನು ಹಸಿರು ಬಾವುಟ ತೋರಿಸಿದ ಮೇಲೆ ಮೆಲ್ಲಗೆ ದಾಟಬೇಕು. ದಿನಾಲು ಕಚೇರಿಗೆ ಹೋಗುವವರು ಕಿಟಕಿಯಿಂದ ಬೈಯುತ್ತಿದ್ದರು.

"ಬಿಡೋ ಮಾರಾಯಾ, ಸಾಹೇಬ ಗೈರುಹಾಜರಿ ಹಾಕ್ತಾನ!"

"ಹೊಳ್ಯಾಗ ಬಿದ್ರ ಯಾರು ಹಾಜರಿ ತಗೋತಾರೋ ತಮ್ಮಾ?"

ಅಣೆಕಟ್ಟಿನ ಹಿನ್ನೀರು ಏರುವುದಿತ್ತು. ಎತ್ತರದಲ್ಲಿ ಹೊಸ ಸೇತುವೆ ಬಂತು; ಗಾಡಿಗಳು ನಿಲ್ಲದೆಯೇ ದಾಟತೊಡಗಿದವು. ಪಾಂಡಪ್ಪ ನಿವೃತ್ತನಾಗಿ ಊರು ಸೇರಿದನು. ಸೊಲ್ಲಾಪುರಕ್ಕೆ ಬಾ ಎಂದು ಮಗಳು ಎಷ್ಟು ಕರೆದರೂ ಒಂದೇ ಮಾತು: "ನಿಂದರದ ಗಾಡಿ ನಾ ಹತ್ತೂದಿಲ್ಲ." ಹೋದ ದೀಪಾವಳಿಗೆ ಭಾಗ್ಯಾ ಸಿಟ್ಟಾದಳು. "ನೀ ಬರೂಮಟಾ ನಾನೂ ಬರೂದಿಲ್ಲ," ಎಂದು ಹೋದವಳು ಮತ್ತೆ ಬಂದಿರಲಿಲ್ಲ.

* * *

ನಾಲ್ಕು ಹೊಡೆದಾಗ ಪಾಂಡಪ್ಪನ ಅಣ್ಣ ಶಂಕರೆಪ್ಪ ಎದ್ದು ನಿಂತನು.

"ಎತ್ರಿ ಇನ್ನ. ಆ ಗಾಡಿ ನಾ ಕಂಡಿಲ್ಲೇನು? ಸೇತುವಿ ಮುಂದ ಎಮ್ಮಿ ಮಲಗಿದಂಗ ಮಲಗತೈತಿ. ಅಕಿಗೆ ಮೂರರ ಬಸ್ಸು ಸಿಕ್ಕಿರೂದಿಲ್ಲ."

ಹಿರಿಯರ ಮುಂದೆ ಎಂದೂ ಎದುರಾಡದ ಲಗಮವ್ವ ಸೆರಗು ಸರಿಪಡಿಸಿಕೊಂಡಳು.

"ಈಗ ನಿಂದರೂದಿಲ್ರೀ ಭಾವಾರ. ಒಂದೂ ಗಾಡಿ ನಿಂದರೂದಿಲ್ಲ ಅಂತ ನಿಮ್ಮ ತಮ್ಮಾರು ಎರಡು ವರ್ಷ ನನ್ನ ತಲಿ ತಿಂದಾರ. ಅವರು ಸುಳ್ಳ ಹೇಳಾವ್ರಲ್ಲ. ನನ್ನ ಮಗಳು ಬರತಾಳ."

ಶಂಕರೆಪ್ಪ ತಮ್ಮನ ಮುಖ ನೋಡಿದನು. "ಐದೂವರಿತನಕ. ಅದರ ಮ್ಯಾಲ ಆಗೂದಿಲ್ಲವ್ವ," ಎಂದು ಕುಳಿತನು.

ಐದು ದಾಟಿತು. ಕುಣಿ ತೋಡಿದವರು ಹೊಲದಿಂದ ಎರಡು ಸಲ ಹೇಳಿಕಳಿಸಿದರು. ಶಂಕರೆಪ್ಪ ಮತ್ತೆ ಏಳುವಷ್ಟರಲ್ಲಿ ಊರ ಅಗಸೆಬಾಗಿಲ ಕಡೆಯಿಂದ ಶಿವಪುತ್ರ ತಂಗಿಯ ರಟ್ಟೆ ಹಿಡಿದು ಓಡುತ್ತ ಬಂದನು.

"ಯಪ್ಪಾ, ಬಂದೇನಿ. ಮಾತಾಡೋ!" ಭಾಗ್ಯಾ ತಂದೆಯ ಕಾಲಮೇಲೆ ಬಿದ್ದಳು. ಹೆಂಗಸರು ಹಿಡಿದೆತ್ತಿದರು. ಅವಳು ತಾಯಿಯ ಹೆಗಲಿಗೆ ಹಣೆ ಹಚ್ಚಿದಳು.

"ಸೇತುವಿ ಬಂದಕೂಡ್ಲೆ ಎದ್ದು ಬಾಗಲಕ್ಕ ಹೋದೆ ಯವ್ವಾ. ಅಪ್ಪ ನಿಂತಿರ್ತಾನ ಅನಿಸ್ತು. ನೀರಾಗ ಬರೇ ಹಳೇ ಕಂಬ ಇದ್ದುವು. ಗಾಡಿ ಹಂಗ ಹೋಗಿಬಿಡ್ತು."

"ಗಾಡಿ ನಿಂದರದ ಹೋಗಿದ್ದಕ್ಕ ನೀ ಬಂದಿ ಮಗಳ," ಎಂದಳು ಲಗಮವ್ವ.

ಹೊಲದಲ್ಲಿ ಬಿಸಿಲು ಜೋಳದ ತೆನೆಗಳ ಮೇಲಷ್ಟೇ ಉಳಿದಿತ್ತು. ಭಾಗ್ಯಾ ಹಿಡಿಮಣ್ಣು ಹಾಕಿದಳು. ಅವಳ ಬೆರಳುಗಳಿಗೆ ಅಂಟಿದ ಕರಿಮಣ್ಣನ್ನು ಲಗಮವ್ವ ಒಂದೊಂದಾಗಿ ಬಿಡಿಸಿ ಅದನ್ನೂ ಕುಣಿಗೆ ಉದುರಿಸಿದಳು. ಆಮೇಲೆ ಕೈಮುಗಿದಳು.

"ಬೀರಪ್ಪಾ ನಮ್ಮಪ್ಪಾ, ಬಿಸಲಾಗ ನಿಂತ ಜೀವ ಇದು. ನಿನ್ನ ಕಂಬಳಿ ನೆಳ್ಳಾಗ ಕುಂದರಿಸಿಕೋ."