ಹದಿನೈದುನೂರು ಮೀಟರಿಗೆ ಮೂರು ಡಬ್ಬಿ

ಜೇವರ್ಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಎಸ್.ಡಿ.ಎ. ಆಗಿದ್ದ ಶಿವಪ್ರಕಾಶನಿಗೆ ತಾನು ಓಟಗಾರ ಎಂಬುದು ನೆನಪಾದದ್ದು ನಲವತ್ತೆರಡು ತುಂಬಿದ ಮೇಲೆ. ನೆನಪಿಸಿದ್ದು ನೋಟಿಸ್ ಬೋರ್ಡು. ಜನವರಿಯಲ್ಲಿ ಕಲಬುರಗಿಯಲ್ಲಿ ಸರ್ಕಾರಿ ನೌಕರರ ಕ್ರೀಡಾಕೂಟ ಇದೆ, ಆಸಕ್ತರು ಹೆಸರು ಕೊಡಬೇಕು ಎಂದು ಅದರ ಮೇಲೆ ಅಂಟಿಸಿದ್ದರು. ಒಂಬತ್ತನೇ ಕ್ಲಾಸಿನಲ್ಲಿ ಹೋಬಳಿ ಮಟ್ಟದ ಓಟದಲ್ಲಿ ಎರಡನೆಯವನಾಗಿ ಬಂದದ್ದನ್ನು ಆತ ಇಷ್ಟು ವರ್ಷ ಎದೆಯೊಳಗೆ ಜೋಪಾನ ಮಾಡಿಕೊಂಡು ಬಂದಿದ್ದ. ಆ ಓಟದಲ್ಲಿ ಓಡಿದವರು ಮೂವರೇ ಎಂಬುದನ್ನು ಜೋಪಾನ ಮಾಡುವ ಕೆಲಸ ಅವನ ಹೆಂಡತಿ ಜಯಮಾಲಾಳದು.

ಜಯಮಾಲಾ ಇಜೇರಿಯ ಆರೋಗ್ಯ ಉಪಕೇಂದ್ರದಲ್ಲಿ ಸಿಸ್ಟರ್. ಹನ್ನೊಂದು ವರ್ಷದಿಂದ ಬಸುರಿಯರಿಗೆ ರಕ್ತ ಹೆಚ್ಚಿಸುವ ಕೆಂಪು ಗುಳಿಗೆ ಹಂಚುವುದು, ಕೂಸುಗಳನ್ನು ತೂಗುವುದು, ಆಮೇಲೆ ಎಲ್ಲರನ್ನೂ ಕೂಡಿಸಿಕೊಂಡು ಬೈಯುವುದು ಅವಳ ದಿನಚರಿ. ಹೊತ್ತಿಗೆ ಸರಿಯಾಗಿ ಉಣ್ಣಿರಿ, ಪಲ್ಯ ಬೇಳೆ ಬಿಡಬೇಡಿರಿ, ಊಟದ ಜೊತೆ ಚಹಾ ಕುಡಿದರೆ ಗುಳಿಗೆ ಮೈಗೆ ಹತ್ತುವುದಿಲ್ಲ, ಕುಡಿಯಬೇಡಿರಿ ಎಂಬ ಮೂರು ಮಾತುಗಳನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ, ಅವಳ ಸ್ಕೂಟಿಯ ಸದ್ದು ಕೇಳಿದರೆ ಸಾಕು, ಊರಿನ ಹೆಂಗಸರು ಚಹಾದ ಲೋಟವನ್ನು ಹಿಂದೆ ಮುಚ್ಚಿಡುತ್ತಿದ್ದರು. ಅದನ್ನೇ ಅವಳು ತನ್ನ ಯಶಸ್ಸು ಎಂದು ತಿಳಿದಿದ್ದಳು.

ಶಿವಪ್ರಕಾಶ ಹದಿನೈದುನೂರು ಮೀಟರಿಗೆ ಹೆಸರು ಕೊಟ್ಟು, ಮರುದಿನವೇ ಅರ್ಬಾಜನ ಜಿಮ್ಮಿಗೆ ಸೇರಿದ. ಜಿಮ್ಮು ರಸಗೊಬ್ಬರದ ಅಂಗಡಿಯ ಮಾಳಿಗೆಯ ಮೇಲಿತ್ತು. ಕೆಳಗೆ ತೊಗರಿಗೆ ಗೊಬ್ಬರ, ಮೇಲೆ ಮನುಷ್ಯರಿಗೆ. ಅಲ್ಲಿಂದ ಒಂದು ವಾರದಲ್ಲಿ ಮೂರು ಡಬ್ಬಿಗಳು ಮನೆಗೆ ಬಂದವು. ಒಂದು ಓಡುವ ಮೊದಲು ಕುಡಿಯಲು, ಒಂದು ಓಡಿದ ಮೇಲೆ ಕುಡಿಯಲು, ಇನ್ನೊಂದು ಓಡದ ದಿನ ಕುಡಿಯಲು. ಮೂರನೆಯದೇ ಎಲ್ಲಕ್ಕಿಂತ ಬೇಗ ಖಾಲಿಯಾಗತೊಡಗಿತು.

ಜಯಮಾಲಾ ಗಂಡನ ಊಟವನ್ನು ಸುಮ್ಮನೆ ನಾಲ್ಕು ದಿನ ಗಮನಿಸಿದಳು. ಬೆಳಿಗ್ಗೆ ಚಹಾ, ಅದರಲ್ಲಿ ಅದ್ದಿದ ಎರಡು ಖಾರಿ ಬಿಸ್ಕೀಟು. ಹನ್ನೊಂದಕ್ಕೆ ಕ್ಯಾಂಟೀನಿನ ಚುರುಮುರಿ ಸುಸಲಾ, ಮಿರ್ಚಿ ಭಜಿ. ಕಟ್ಟಿಕೊಟ್ಟ ರೊಟ್ಟಿ ಮೂರು ಗಂಟೆಗೆ ನೆನಪಾದರೆ ಹೊಟ್ಟೆಗೆ, ಆಗದಿದ್ದರೆ ಸಂಜೆ ಹಾಗೇ ಮನೆಗೆ. ದಾರಿಯಲ್ಲಿ ಮತ್ತೊಂದು ಪ್ಲೇಟು ಭಜಿ. ಇದೆಲ್ಲದರ ಮೇಲೆ ಚಾಕಲೇಟ್ ವಾಸನೆಯ ಪುಡಿಯನ್ನು ಕಲಕಿ ಕುಡಿದು, ಕನ್ನಡಿಯ ಮುಂದೆ ನಿಂತು ತೋಳು ಮುಟ್ಟಿ ನೋಡಿಕೊಳ್ಳುವುದು. ಬೆಳಿಗ್ಗೆ ಎರಡು ರೊಟ್ಟಿ, ಒಂದಿಷ್ಟು ಬೇಳೆ, ಮೊಸರು, ಶೇಂಗಾ ಚಟ್ನಿಪುಡಿ ತಿಂದು ಹೋದರೆ ಈ ಡಬ್ಬಿಗಳ ಕೆಲಸವೇ ಇಲ್ಲ ಎಂದು ಅವಳು ಹೇಳಿನೋಡಿದಳು. ರೊಟ್ಟಿ ತಿಂದು ಓಡುವ ಕಾಲ ಹೋಯಿತೆಂದು ಅವನ ಉತ್ತರ. ಅದನ್ನು ಹೇಳುವಾಗ ಅವನು ಎಡಗೈಯಲ್ಲಿ ಖಾರಿ ಹಿಡಿದಿದ್ದ.

ಅವನ ತಾಯಿ ಶಾರದಾಬಾಯಿಗೆ ಡಬ್ಬಿಯೊಳಗೆ ಏನಿದೆ ಎಂಬುದೇ ಚಿಂತೆ. ಬಸವಣ್ಣನ ಪಟ ಇರುವ ಮನೆಯಲ್ಲಿ ತತ್ತಿಗಿತ್ತಿ ಸೇರಿದರೆ ಹೇಗೆ? ಸೊಸೆಯ ಕೈಯಲ್ಲಿ ಓದಿಸಿದಳು. ಹಸಿರು ಚುಕ್ಕೆ ಇತ್ತು. ಹಾಲು ಒಡೆಸಿ ಪನೀರು ತೆಗೆದ ಮೇಲೆ ಉಳಿಯುವ ನೀರನ್ನು ಒಣಗಿಸಿ ಪುಡಿ ಮಾಡಿದ್ದಾರೆ ಎಂದು ಜಯಮಾಲಾ ತಿಳಿಸಿ ಹೇಳಿದಳು.

“ಅಂದ್ರ, ಒಡದ ಹಾಲಿನ ನೀರು ನಮ್ಮ ಎಮ್ಮಿಗಿ ಹಾಕ್ತಿದ್ವಲ್ಲ, ಅದಾ ಏನು?”

“ಅದರಾಗ ಪ್ರೋಟೀನ್ ಅದ ಅವ್ವ,” ಎಂದ ಶಿವಪ್ರಕಾಶ.

“ಇರ್ಲಿ ಬಿಡು. ಏಳು ವರ್ಷ ಕುಡೀತಪ್ಪ ನಮ್ಮ ಎಮ್ಮಿ. ಓಡಿದ್ದು ಮಾತ್ರ ನಾ ನೋಡ್ಲಿಲ್ಲ.”

ಹಾಗೆಂದು ಮುದುಕಿ ಸುಮ್ಮನಾಗಲಿಲ್ಲ. ಅವಳ ವೈದ್ಯಶಾಸ್ತ್ರದಲ್ಲಿ ಇದ್ದದ್ದು ಒಂದೇ ಔಷಧಿ, ತುಪ್ಪ. ಅಂದಿನಿಂದ ಮಗನ ತಾಟಿನಲ್ಲಿ ಏನು ಬಿದ್ದರೂ ಅದರ ಮೇಲೆ ಒಂದು ಸೌಟು ತುಪ್ಪ ಬೀಳತೊಡಗಿತು. ಒಂದೇ ಹೊಟ್ಟೆಗೆ ಜಿಮ್ಮು ಮತ್ತು ತಾಯಿ ಇಬ್ಬರೂ ಪೈಪೋಟಿಗೆ ಬಿದ್ದರು. ತಿಂಗಳಾಗುವಷ್ಟರಲ್ಲಿ ಅವನ ತೂಕ ಎರಡು ಕಿಲೋ ಏರಿತು. ಅದನ್ನು ಅವನು ಸ್ನಾಯು ಎಂದ.

ಓಡುವ ಮೊದಲು ಕುಡಿಯುವ ಡಬ್ಬಿಯದು ಬೇರೆಯೇ ಕತೆ. ಕುಡಿದ ಕಾಲು ಗಂಟೆಗೆ ಮುಖದ ಮೇಲೆ ಇರುವೆ ಹರಿದ ಹಾಗೆ ಜುಮುಜುಮು, ಎದೆ ಡವಡವ. ಶಕ್ತಿ ಬರುತ್ತಿರುವ ಗುರುತೆಂದು ಅವನು ಖುಷಿಪಟ್ಟ. ಜಯಮಾಲಾ ಬಿ.ಪಿ. ಪಟ್ಟಿ ಸುತ್ತಿ ನೋಡಿದಳು. ಇದೇ ಲಕ್ಷಣ ಇಜೇರಿಯಲ್ಲಿ ಯಾರಾದರೂ ಹೇಳಿದ್ದರೆ ಆಂಬುಲೆನ್ಸ್ ಕರೆಸುತ್ತಿದ್ದೆ ಎಂದು ಹೇಳಿ, ಆ ಡಬ್ಬಿಯನ್ನು ಎತ್ತಿಕೊಂಡು ನೇರ ಜಿಮ್ಮಿಗೆ ಜಗಳಕ್ಕೆ ಹೊರಟಳು.

ಹದಿನೆಂಟು ಮೆಟ್ಟಿಲು. ಹನ್ನೆರಡನೆಯದರಲ್ಲಿ ಅವಳಿಗೆ ದಮ್ಮು ಹತ್ತಿತು. ಗೋಡೆ ಹಿಡಿದು ನಿಂತು, ಇಷ್ಟು ಎತ್ತರದ ಮೆಟ್ಟಿಲು ಕಟ್ಟಿದ ಗೌಂಡಿಯನ್ನು ಮನಸ್ಸಿನಲ್ಲೇ ಬೈದು ಮೇಲೆ ಹೋದಳು. ಅರ್ಬಾಜ ತೂಕದ ಕಲ್ಲುಗಳ ನಡುವೆ ಚಕ್ಕಂಬಕ್ಕಳ ಹಾಕಿ ಕುಳಿತು ಊಟ ಮಾಡುತ್ತಿದ್ದ. ತಾಯಿ ಖಾಸೀಂಬಿ ಕಟ್ಟಿಕೊಟ್ಟ ಡಬ್ಬಿಯಲ್ಲಿ ಖಿಚಡಿ, ಹುಣಸೆಯ ಖಟ್ಟಾ, ಎರಡು ಕುದಿಸಿದ ತತ್ತಿ. ಜಗಳಕ್ಕೆ ತಂದ ಮಾತುಗಳನ್ನು ಅವಳು ಬದಿಗಿಟ್ಟಳು.

“ನೀ ಈ ಪುಡಿ ಕುಡಿಯೂದಿಲ್ಲೇನು?”

“ಅದನ್ನ ಕೊಳ್ಳೋ ತಾಕತ್ ನನಗೆಲ್ಲಿ ಅದ್ರಿ ಮೇಡಂ,” ಎಂದ ಅರ್ಬಾಜ, ಸಂಕೋಚದಿಂದ. “ಸರ್‌ಗ ನಾ ಮೊದಲು ನಾಷ್ಟಾ ಮಾಡಿ ಬರ್ರಿ ಅಂತನೇ ಹೇಳಿದ್ನಿ. ಅದು ಪುಕಟ ಸಲಹಾ ಆಯ್ತು ನೋಡ್ರಿ, ಅದಕ್ಕ ಕೇಳಲಿಲ್ಲ.”

ಎದೆ ಡವಡವದ ವಿಷಯ ಕೇಳಿ ಅವನು ಗಾಬರಿಯಾದ, ಡಬ್ಬಿಯನ್ನು ವಾಪಸು ಇಟ್ಟುಕೊಂಡ. ಗೆದ್ದು ಬಂದ ಖುಷಿಯಲ್ಲಿ ಜಯಮಾಲಾ ಮನೆಗೆ ಬಂದು ನಿಂತುಕೊಂಡೇ ಅರ್ಧ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದು ಕೆಲಸಕ್ಕೆ ಹೋದಳು.

ಅದೇ ಹೊತ್ತಿಗೆ ಆರೋಗ್ಯ ಇಲಾಖೆಯ ಮಹಿಳಾ ರಿಲೇ ತಂಡಕ್ಕೆ ಒಬ್ಬರು ಕಡಿಮೆ ಬಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡುವ ಪಂಚಶೀಲಾ ಜಯಮಾಲಾಳನ್ನು ಕೇಳದೆಯೇ ಅವಳ ಹೆಸರು ಬರೆಸಿಬಿಟ್ಟಳು. ಕಾಲೇಜಿನಲ್ಲಿ ಖೋ ಖೋ ಆಡಿದವಳು, ನೂರು ಮೀಟರು ಯಾವ ದೊಡ್ಡ ಮಾತು ಎಂದು ಜಯಮಾಲಾ ಕೂಡ ಒಪ್ಪಿದಳು. ಡಿಸೆಂಬರಿನ ಒಂದು ಬೆಳಿಗ್ಗೆ ಗಂಡನ ಜೊತೆ ಹೈಸ್ಕೂಲ್ ಮೈದಾನಕ್ಕೆ ಹೋದಳು. ಅರ್ಧ ಸುತ್ತಿಗೆ ಕಣ್ಣಿಗೆ ಕತ್ತಲು ಕವಿಯಿತು. ಮೊಣಕಾಲು ಹಿಡಿದು ಕುಳಿತು, ಬಿಸಿಲು ಭಾಳ ಅದ ಎಂದಳು. ಆಗ ಬೆಳಗಿನ ಆರೂವರೆ, ಶಿವಪ್ರಕಾಶ ಮಫ್ಲರ್ ಸುತ್ತಿಕೊಂಡಿದ್ದ.

“ನಿನಗ ಪ್ರೋಟೀನ್ ಕಮ್ಮಿ ಅದ, ಜಯಾ. ನಂದೊಂದು ಚಮಚ ತೊಗೋ.”

ಅವಳು ಬಿದ್ದು ಬಿದ್ದು ನಕ್ಕಳು. ಆ ನಗುವಿಗೂ ಅವಳಿಗೆ ದಮ್ಮು ಸಾಲಲಿಲ್ಲ.

ಕ್ರೀಡಾಕೂಟಕ್ಕೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಿತ್ತು. ಗಂಡ ಹೆಂಡತಿ ಇಬ್ಬರೂ ಪಂಚಶೀಲಾಳ ಮುಂದೆ ಬೆರಳು ಚಾಚಿದರು. ಜಯಮಾಲಾಳಿಗೆ ಒಳಗೊಳಗೇ ಒಂದು ಆಸೆ ಇತ್ತು. ಗಂಡನ ರಕ್ತದಲ್ಲಿ ಏನಾದರೂ ಏರುಪೇರು ಸಿಕ್ಕರೆ ಡಬ್ಬಿಗಳ ಮೇಲಿನ ತನ್ನ ಭಾಷಣಕ್ಕೆ ಸರ್ಕಾರಿ ಮುದ್ರೆ ಬೀಳುತ್ತಿತ್ತು. ಆದರೆ ಅವನ ಹಿಮೋಗ್ಲೋಬಿನ್ ಹದಿನೈದು ಪಾಯಿಂಟ್, ಎತ್ತಿನ ರಕ್ತ. ಜಯಮಾಲಾಳದನ್ನು ಪಂಚಶೀಲಾ ಎರಡು ಸಲ ಪರೀಕ್ಷೆ ಮಾಡಿದಳು. ಆಮೇಲೆ ಶಿವಪ್ರಕಾಶನನ್ನು ಹೊರಗೆ ಕಳಿಸಿದಳು.

“ಸಿಸ್ಟರ್, ಎಂಟು ಪಾಯಿಂಟ್ ಒಂದು ಅಂತ ಬಂದ ಹೆಂಗಸಿಗಿ ನೀವು ಏನಂತೀರಿ?”

“ಯಾರಿಗಿ ಬಂದದ?”

ಪಂಚಶೀಲಾ ಚೀಟಿಯನ್ನು ಮುಂದೆ ಸರಿಸಿದಳು. “ಹನ್ನೆರಡು ಇರಬೇಕಾದದ್ದು. ನೀವಽ ನಮಗ ಹೇಳಿಕೊಟ್ಟದ್ದು.”

ಏನನ್ನುತ್ತಿದ್ದಳು ಎಂಬುದು ಜಯಮಾಲಾಳಿಗೆ ಚೆನ್ನಾಗಿ ಗೊತ್ತಿತ್ತು. ಓದು ಬರಹ ಇಲ್ಲದವರಿಗೂ ತಿಳಿಯುತ್ತದೆ, ನಿಮಗೆ ಯಾಕೆ ತಿಳಿಯುವುದಿಲ್ಲ ಎಂದು ಎಲ್ಲರ ಎದುರಿಗೆ ಬೈಯುತ್ತಿದ್ದಳು. ವರ್ಷದಿಂದ ಮೆಟ್ಟಿಲು ಹತ್ತಿದರೆ ದಮ್ಮು, ಕೂದಲು ಉದುರುವುದು, ಸಂಜೆಗೆ ತಲೆಶೂಲೆ. ಒಂದಕ್ಕೆ ಗೌಂಡಿಯನ್ನು, ಒಂದಕ್ಕೆ ನೀರನ್ನು, ಇನ್ನೊಂದಕ್ಕೆ ಅತ್ತೆಯನ್ನು ಹೊಣೆ ಮಾಡಿದ್ದಳು. ಅವಳ ಕೈಚೀಲದಲ್ಲಿ ಆ ಹೊತ್ತಿನಲ್ಲೂ ಕೆಂಪು ಗುಳಿಗೆಯ ಇಪ್ಪತ್ತು ಪಟ್ಟಿಗಳಿದ್ದವು. ಹನ್ನೊಂದು ವರ್ಷದಲ್ಲಿ ಅವುಗಳಲ್ಲಿ ಒಂದನ್ನೂ ಅವಳು ಬಾಯಿಗೆ ಹಾಕಿಕೊಂಡಿರಲಿಲ್ಲ. ಅದು ಬಡವರಿಗೆ ಕೊಡುವ ಗುಳಿಗೆ ಎಂದೇ ಅವಳ ಒಳಮನಸ್ಸು ತಿಳಿದಿತ್ತೋ ಏನೋ.

ವೈದ್ಯರು ಇನ್ನೆರಡು ಪರೀಕ್ಷೆ ಮಾಡಿಸಿ ನೋಡಿ, ಬೇರೆ ರೋಗವಿಲ್ಲ, ಕಬ್ಬಿಣಾಂಶ ಕಡಿಮೆ ಅಷ್ಟೇ ಎಂದರು. ಬರಿ ಊಟದಿಂದ ಇಷ್ಟು ಹಳ್ಳ ತುಂಬುವುದಿಲ್ಲ, ಗುಳಿಗೆ ಬೇಕೇ ಬೇಕು, ಓಟ ಸದ್ಯಕ್ಕೆ ಬೇಡ ಎಂದರು. ಪುಡಿ ಗುಳಿಗೆ ಏನೂ ಬೇಡ, ಊಟ ಸರಿ ಇದ್ದರೆ ಸಾಕು ಎಂದು ಮನೆಯಲ್ಲಿ ತಿಂಗಳಿಡೀ ಸಾರಿದವಳು ಆ ಮಾತನ್ನು ತಲೆ ತಗ್ಗಿಸಿ ಕೇಳಿಕೊಂಡಳು.

ಮನೆಯಲ್ಲಿ ಹೇಳುವ ಇಚ್ಛೆ ಅವಳಿಗಿರಲಿಲ್ಲ. ಆದರೆ ತಂಡದಿಂದ ಹೆಸರು ತೆಗೆದದ್ದು ಯಾಕೆಂದು ಗಂಡ ಕೇಳಿದಾಗ ಚೀಟಿಯನ್ನೇ ಕೊಟ್ಟಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ಓದಿದ. ಹಾಸ್ಯಕ್ಕೆ ಎದುರು ಮಾತು ಹುಡುಕಿ ಸಿದ್ಧವಾಗಿದ್ದಳು ಜಯಮಾಲಾ, ಅದು ಕೆಲಸಕ್ಕೆ ಬರಲಿಲ್ಲ.

“ಜಯಾ, ನೀ ಉಣ್ಣೂದು ಯಾವಾಗ?” ಎಂದು ಅವನು ಮೆಲ್ಲಗೆ ಕೇಳಿದ. “ಹದಿನೈದು ವರ್ಷ ಆಯ್ತು. ನೀ ಕುಂತು ಉಣ್ಣೂದು ನಾ ನೋಡಿದ್ದು ನೆನಪಾಗವಲ್ದು.”

ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಶಾರದಾಬಾಯಿ, ಹೆಂಗಸರು ಕಡೆಗೇ ಉಣ್ಣುವುದು, ಅದರಲ್ಲೇನಿದೆ ಎಂದಳು. ಆಮೇಲೆ, ತಾನು ಸೊಸೆಯಾಗಿ ಬಂದಾಗ ಪಲ್ಯದ ಬೋಗುಣಿ ತನ್ನ ಸರದಿಗೆ ಬರುವಾಗ ಒಗ್ಗರಣೆಯ ಸಾಸಿವೆ ಮಾತ್ರ ಇರುತ್ತಿತ್ತೆಂದು ಹೇಳಿದಳು. ಯಾರನ್ನೂ ದೂರುವ ದನಿಯಲ್ಲಿ ಅಲ್ಲ. ಹವಾಮಾನ ಹೇಳಿದ ಹಾಗೆ.

ಆ ಸಂಜೆ ಮೂವರೂ ಒಟ್ಟಿಗೆ ಊಟಕ್ಕೆ ಕುಳಿತರು. ತಾಯಿ ಮಗ ಇಬ್ಬರೂ ತಮ್ಮ ತಾಟು ಬಿಟ್ಟು ಕುಸ್ತಿ ನೋಡುವವರ ಹಾಗೆ ಅವಳ ಪ್ರತಿ ತುತ್ತನ್ನೂ ನೋಡತೊಡಗಿದರು. ಅವಳು ಪುಂಡಿಸೊಪ್ಪಿನ ಪಲ್ಯ ಇನ್ನೊಂದಿಷ್ಟು ಹಾಕಿಸಿಕೊಂಡಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅವಳು ಮೆಣಸಿನಕಾಯಿಯನ್ನು ಹೊಣೆ ಮಾಡಿದಳು.

ಮರುದಿನದಿಂದ ಶಿವಪ್ರಕಾಶನಿಗೆ ಹೊಸ ಹುಚ್ಚು. ಪುಡಿಯ ಮೇಲಿದ್ದ ಭಕ್ತಿಯೆಲ್ಲ ಊಟದ ಮೇಲೆ ತಿರುಗಿತು. ನುಗ್ಗೆ ತಪ್ಪಲು, ಬೀಟ್‌ರೂಟ್, ಬೆಲ್ಲ, ಶೇಂಗಾ ಎಂದು ಚೀಲಗಟ್ಟಲೆ ತಂದ. ಕಚೇರಿಯಲ್ಲಿ ಪಹಣಿ ಕೇಳಲು ಬಂದವರಿಗೂ ಕಬ್ಬಿಣಾಂಶದ ಬಗ್ಗೆ ಹೇಳಿದ. ಮನೆಯಲ್ಲಿ ಹೆಂಡತಿಗೆ ಅವಳ ಕೈಪಿಡಿಯನ್ನೇ ಓದಿ ಹೇಳಿದ. ತನ್ನ ಭಾಷಣ ಕೇಳುವ ಇಜೇರಿಯ ಹೆಂಗಸರ ಪಾಡು ಏನೆಂದು ಜಯಮಾಲಾಳಿಗೆ ಮೊದಲ ಸಲ ಅರ್ಥವಾಯಿತು. ಕಡೆಗೆ ಅವಳೇ, ಭಾಷಣ ಬಿಟ್ಟು ರೊಟ್ಟಿಯ ಹಿಟ್ಟು ನಾದಿ ಕೊಡಿರಿ ಎಂದಳು. ಅವನು ನಾದಿದ, ಕೆಟ್ಟದಾಗಿ. ಆದರೆ ಬಿಡಲಿಲ್ಲ. ಉಳಿದ ಪುಡಿಯನ್ನು ಚೆಲ್ಲುವುದು ಬೇಡ, ವಿಷವೇನಲ್ಲ, ಹಾಲಿನದೇ ತಾನೆ ಎಂದು ಅವಳು ಅದನ್ನು ಚಪಾತಿ ಹಿಟ್ಟಿಗೆ ಬೆರೆಸಿ ಮುಗಿಸಿದಳು. ಚಪಾತಿಯಲ್ಲಿ ಚಾಕಲೇಟ್ ವಾಸನೆ ಬರುತ್ತದೆಂದು ಶಾರದಾಬಾಯಿ ಮೂರು ದಿನ ಗೊಣಗಿದಳು.

ಕ್ರೀಡಾಕೂಟದ ಬೆಳಿಗ್ಗೆ ಹೊಸ ಭಕ್ತ ಯಾವ ಪುಡಿಯನ್ನೂ ಮುಟ್ಟಲಿಲ್ಲ. ಬದಲಿಗೆ ಐದು ರೊಟ್ಟಿ, ಬೇಳೆ, ಮೇಲೆ ಎರಡು ಶೇಂಗಾ ಹೋಳಿಗೆ ತಿಂದ. ಓಡುವ ಮೊದಲು ಇಷ್ಟು ತಿನ್ನಬಾರದೆಂದು ಜಯಮಾಲಾ ಹೇಳಿದರೆ, ಒಳ್ಳೆಯ ಊಟ ಮಾಡಿರಿ ಎಂದವಳು ನೀನೇ ಎಂದ. ಎರಡನೇ ಸುತ್ತಿನಲ್ಲಿ ಪಕ್ಕೆ ಹಿಡಿಯಿತು, ಮೂರನೆಯದರಲ್ಲಿ ಹೋಳಿಗೆ ಗಂಟಲಿಗೆ ಬಂದು ವಿಚಾರಿಸಿ ಹೋಯಿತು. ಒಂಬತ್ತು ಜನರಲ್ಲಿ ಏಳನೆಯವನಾಗಿ ಬಂದು ಹುಲ್ಲಿನ ಮೇಲೆ ಬಿದ್ದುಕೊಂಡ. ಎಂಟನೆಯವನ ಚಪ್ಪಲಿ ಹರಿದಿತ್ತು. ಒಂಬತ್ತನೆಯವನು ನಡುವೆಯೇ ಫೋನಿನಲ್ಲಿ ಮಾತಾಡಲು ನಿಂತಿದ್ದ.

ಗೆದ್ದವನು ಅಫಜಲಪುರದ ಕಡೆಯ ಗ್ರಾಮ ಲೆಕ್ಕಿಗ, ಅಮೋಘಸಿದ್ದ ಎಂಬ ಕಡ್ಡಿಯಂಥ ಮನುಷ್ಯ. ಶಿವಪ್ರಕಾಶ ಉಸಿರು ಸಿಕ್ಕ ಕೂಡಲೇ ಅವನ ಬಳಿ ಹೋಗಿ, ಏನು ತಿನ್ನುತ್ತೀರಿ, ಏನು ಕುಡಿಯುತ್ತೀರಿ ಎಂದು ಕೇಳಿದ.

“ತಿನ್ನೂದೇನ್ರಿ, ಎಲ್ಲಾರಂಗ ರೊಟ್ಟಿ,” ಎಂದ ಅಮೋಘಸಿದ್ದ. “ಬೈಕ್ ಕೆಟ್ಟು ವರ್ಷ ಆಯ್ತು. ನಾಕು ಹಳ್ಳಿ ನಡಕೋತನೇ ಅಡ್ಡಾಡ್ತೇನಿ.”

ನೆರಳಿನಲ್ಲಿ ಕುಳಿತಿದ್ದ ಜಯಮಾಲಾಳಿಗೆ ನಗು ಬಂತು. ಗಂಡನೂ ನಕ್ಕ. ಆಮೇಲೆ ಕಚೇರಿಗೆ ಅವನು ನಡೆದೇ ಹೋಗತೊಡಗಿದ, ಸೋಮವಾರ ಬಿಟ್ಟು.

ಏಪ್ರಿಲಿನ ಹೊತ್ತಿಗೆ ಜಯಮಾಲಾಳ ರಕ್ತ ಹನ್ನೊಂದು ದಾಟಿತು. ಗುಳಿಗೆಗೆ ಹೊಟ್ಟೆ ತೊಳಸುತ್ತದೆ, ಬಾಯಿ ಕಹಿಯಾಗುತ್ತದೆ ಎಂದು ಹೆಂಗಸರು ಹೇಳುತ್ತಿದ್ದದ್ದು ಸುಳ್ಳಲ್ಲ ಎಂಬುದೂ ಅಷ್ಟರಲ್ಲಿ ಗೊತ್ತಾಗಿತ್ತು. ಬೆಳಿಗ್ಗೆ ಮೈದಾನದಲ್ಲಿ ಒಂದು ಸುತ್ತು ನಿಲ್ಲದೆ ಓಡುತ್ತಿದ್ದಳು, ಎರಡನೆಯದನ್ನು ನಡೆಯುತ್ತಿದ್ದಳು.

ಇಜೇರಿಯ ತಾಯಂದಿರ ಸಭೆಯಲ್ಲಿ ಆ ತಿಂಗಳು ಅವಳು ಯಾರನ್ನೂ ಬೈಯಲಿಲ್ಲ. ತನಗೆ ಎಂಟು ಪಾಯಿಂಟ್ ಇತ್ತೆಂದು ಹೇಳಿದಳು. ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ ಸಂಗತಿಯನ್ನೂ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಳು ತಿಂಗಳ ಬಸುರಿ ಮಲ್ಕಮ್ಮ ಬಾಯಿಬಿಟ್ಟು ಕೇಳಿದಳು.

“ಮತ್ತ ನಿಮಗ ಯಾರು ಬೈದ್ರಿ, ಸಿಸ್ಟರ್?”

ಯಾರೂ ಬೈಯಲಿಲ್ಲ ಎಂದಳು ಜಯಮಾಲಾ. ಒಂದು ಗುಳಿಗೆ ಬಿಡಿಸಿ ಎಲ್ಲರ ಎದುರಿಗೆ ನಿಂಬೆ ನೀರಿನಲ್ಲಿ ನುಂಗಿ, ಇನ್ನೊಂದನ್ನು ಮಲ್ಕಮ್ಮನ ಕೈಗೆ ಕೊಟ್ಟಳು. ಮಲ್ಕಮ್ಮ ಮುಖ ಕಿವುಚಿ ಅದನ್ನು ನುಂಗಿದಳು. ಅವಳ ಪಕ್ಕದವಳೂ ನುಂಗಿದಳು. ಉಳಿದವರು ಮನೆಗೆ ಹೋಗಿ ತೊಗೋತೇವ್ರಿ ಎಂದು ತಮ್ಮ ಗುಳಿಗೆಗಳನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಎದ್ದರು.