ಎಂಟನೆಯದಕ್ಕೆ ಕತ್ತರಿ ಇಲ್ಲ

೧

ಹೇಗೆ ಶುರು ಮಾಡಲಿ, ನೀವೇ ಹೇಳಿ. "ಐದು ಸಾವಿರ ವರ್ಷಗಳ ಹಿಂದೆ" ಅಂತ ಶುರು ಮಾಡಬಹುದು. ಗೋಧಿ ಹುಲ್ಲಿನ ಬಗ್ಗೆ ಬರೆಯುವವರು ಬಹಳ ಮಂದಿ ಹಾಗೇ ಮಾಡುತ್ತಾರೆ, ಯಾರೂ ಹೋಗಿ ನೋಡಿ ಬಂದವರಲ್ಲ. ಒಂದು ಪತ್ರಿಕೆಯ ಆರೋಗ್ಯ ಪುರವಣಿಯವರು ಫೋನ್ ಮಾಡಿ, "ಗೋಧಿ ಹುಲ್ಲಿನ ಹತ್ತು ಲಾಭಗಳು, ಸಾವಿರದೈನೂರು ಪದ, ಸೋಮವಾರದೊಳಗೆ" ಅಂದರು. ನಾನೋ ಕಥೆ ಬರೆಯುವವನು. ಲಾಭ ಬರೆಯಲು ಕೂತರೆ ಮೂರನೆಯದರ ಹೊತ್ತಿಗೆ ಯಾರಾದರೂ ಒಬ್ಬರು ಮೆಟ್ಟಿಲು ಹತ್ತಿಕೊಂಡು ಬಂದುಬಿಡುತ್ತಾರೆ. ಈ ಸಲ ಬಂದವಳ ಕೈಯಲ್ಲಿ ಕತ್ತರಿ ಇತ್ತು.

ಕಟ್ಟಡದವರು ಅವಳನ್ನು ಲ್ಯಾಬ್ ಅಕ್ಕ ಅನ್ನುತ್ತಾರೆ. ಆಸ್ಪತ್ರೆಯೊಂದರ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ನಾಲ್ಕು ವರ್ಷ ದುಡಿದು ರಿಟೈರ್ ಆದವಳು. ಇರುವುದು ಕೊನೇ ಮಹಡಿಯಲ್ಲಿ. ಬಾಗಿಲ ಹೊರಗೆ, ಮೆಟ್ಟಿಲು ಮುಗಿಯುವಲ್ಲಿ ಗಾಜಿನ ಸೂರು. ಅದರ ಕೆಳಗೆ ಒಂದು ಕಬ್ಬಿಣದ ರ‍್ಯಾಕು, ರ‍್ಯಾಕಿನಲ್ಲಿ ಏಳು ಟ್ರೇ. ಒಂದೊಂದರ ಮೇಲೂ ಗಾಜಿನ ಮೇಲೆ ಬರೆಯುವ ಲ್ಯಾಬ್ ಪೆನ್ಸಿಲಿನಲ್ಲಿ ಸೋಮ, ಮಂಗಳ, ಬುಧ ಅಂತ ಬರೆದಿದೆ. ದಿನಕ್ಕೊಂದು ಟ್ರೇ ಕೊಯ್ಯಬೇಕು, ಅದರಲ್ಲೇ ನೆನೆಸಿ ಮೊಳಕೆ ಬರಿಸಿದ ಕಾಳನ್ನು ಮತ್ತೆ ಹರಡಬೇಕು. ಈ ಸೋಮವಾರ ಹರಡಿದ್ದು ಬರುವ ಸೋಮವಾರಕ್ಕೆ ಒಂದು ಗೇಣು. ಒಂದು ದಿನ ಸೋಮಾರಿತನ ಮಾಡಿದರೆ ಅವತ್ತು ಯಾರಿಗೂ ಗೊತ್ತಾಗುವುದಿಲ್ಲ, ಸರಿಯಾಗಿ ಒಂದು ವಾರಕ್ಕೆ ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ. ಆರು ವರ್ಷದಲ್ಲಿ ಹಾಗೆ ಗೊತ್ತಾದದ್ದು ಒಂದೇ ಸಲ. ಅದನ್ನು ಆಮೇಲೆ ಹೇಳುತ್ತೇನೆ.

(ನನ್ನ ಮೇಜಿನ ಮೇಲಿರುವ ಒಂದೇ ಒಂದು ಗಿಡ ಪ್ಲಾಸ್ಟಿಕ್ಕಿನದು. ಅದೂ ಬಾಡಿದ ಹಾಗೆ ಕಾಣುತ್ತದೆ. ಇವಳನ್ನು ಕಂಡರೆ ನನಗೆ ಯಾಕಿಷ್ಟು ಗೌರವ ಅಂತ ಬೇರೆ ಹೇಳಬೇಕಿಲ್ಲ.)

೨

ಕೋಳಿಗಳಿಂದ ಶುರು ಮಾಡೋಣ. ಅದು ಮಜವಾಗಿದೆ, ಹತ್ತಿರ ಹತ್ತಿರ ನೂರು ವರ್ಷದ ಹಿಂದಿನ ಮಾತು. ಒಬ್ಬ ರಸಾಯನಶಾಸ್ತ್ರಜ್ಞ ಸೊರಗಿ ಕೂತಿದ್ದ ಕೋಳಿಗಳಿಗೆ ಎಳೇ ಹುಲ್ಲು ಒಣಗಿಸಿ ಪುಡಿ ಮಾಡಿ ತಿನ್ನಿಸಿದನಂತೆ. ಕೋಳಿಗಳು ಎದ್ದು ಓಡಾಡಿದ್ದಲ್ಲದೆ, ಯದ್ವಾತದ್ವಾ ಮೊಟ್ಟೆ ಇಡತೊಡಗಿದವಂತೆ. ಅವನು ಮನೆಮಂದಿಗೂ ತಿನ್ನಿಸಿದ. ಗೋಧಿ ಗಿಡಕ್ಕೆ ಗೆಣ್ಣು ಕಟ್ಟುವ ಮುಂಚೆ, ಆ ಕೆಲವೇ ದಿನ, ಎಲೆಯಲ್ಲಿ ಸತ್ವ ತುಂಬಿ ತುಳುಕುತ್ತದೆ ಅಂತ ಕಂಡುಕೊಂಡ. ಮುಂದೆ ಆ ಪುಡಿ ಡಬ್ಬಿಯಲ್ಲಿ ಔಷಧಿ ಅಂಗಡಿಗೆ ಬಂತು. ಇನ್ನೂ ಮುಂದೆ ಇನ್ಯಾರೋ ಅದನ್ನು ಮನೆಯ ಟ್ರೇಯಲ್ಲಿ ಬೆಳೆದು ರಸ ಹಿಂಡಿ ಲೋಟಕ್ಕೆ ತಂದರು.

"ಕೋಳಿ ಸಾಕು, ನಾನೆಲ್ಲಿ?" ಅಂದಳು ಅಕ್ಕ.

೨ (ಇನ್ನೊಮ್ಮೆ)

ಸರಿ, ಅಕ್ಕನಿಂದಲೇ. ಬೆಳಗ್ಗೆ ಆರೂವರೆಗೆ ಏಳು ಜನ ಸಾಲಾಗಿ ನಿಂತಿರುತ್ತಾರೆ. ಮೂರನೇ ಮಹಡಿಯ ಟೈಲರಮ್ಮ ಮೊದಲು, ವಯಸ್ಸಾದ ಡ್ರಾಯಿಂಗ್ ಮೇಷ್ಟ್ರು ಕೊನೆಗೆ. ಅಕ್ಕ ಮಣ್ಣಿನಿಂದ ಒಂದು ಬೆರಳು ಮೇಲಕ್ಕೆ, ಗೆರೆ ಎಳೆದ ಹಾಗೆ ನೇರವಾಗಿ ಕೊಯ್ಯುತ್ತಾಳೆ. ತೊಳೆದು, ಕೈಯಲ್ಲಿ ತಿರುಗಿಸುವ ಪುಟ್ಟ ಯಂತ್ರಕ್ಕೆ ಹಾಕಿ ಹಿಂಡುತ್ತಾಳೆ. ಹಸಿ ಹುಲ್ಲಿನ ನಾರು ಮನುಷ್ಯನ ಹೊಟ್ಟೆಗೆ ಅರಗುವುದಿಲ್ಲ, ಅದಕ್ಕೇ ರಸ. ಗೆರೆ ಇರುವ ಗಾಜಿನ ಲೋಟದಲ್ಲಿ ಮೂವತ್ತು ಎಂ.ಎಲ್., ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಒಂದು ಪೈಸೆಯೂ ಮುಟ್ಟುವುದಿಲ್ಲ.

"ಇದನ್ನ ಹಸಿರು ರಕ್ತ ಅಂತಾರಂತಲ್ಲಾ ಅಕ್ಕ?" ಅಂತ ಕೇಳಿದೆ, ಪೆನ್ನು ಸಿದ್ಧವಾಗಿಟ್ಟುಕೊಂಡು.

"ಮೂವತ್ನಾಲ್ಕು ವರ್ಷ ರಕ್ತ ನೋಡಿದೀನಿ ಕಥೆಗಾರ್ರೇ. ಕೆಂಪಗಿತ್ತು."

"ಅಲ್ಲ, ವಿಜ್ಞಾನದಲ್ಲೂ..."

"ಎಲೆಯ ಹಸಿರಿಗೂ ರಕ್ತದ ಕೆಂಪಿಗೂ ಅಣುವಿನ ಆಕಾರದಲ್ಲಿ ಹೋಲಿಕೆ ಇದೆ, ನಿಜ. ಅದರ ನಡುವೆ ಮೆಗ್ನೀಷಿಯಂ, ಇದರ ನಡುವೆ ಕಬ್ಬಿಣ. ಹಾಗಂತ ಕುಡಿದ ಹಸಿರೆಲ್ಲ ರಕ್ತ ಆಗಿಬಿಡುತ್ತಾ? ನಮ್ಮ ಪೋಸ್ಟ್‌ಮ್ಯಾನ್ ಥೇಟ್ ನನ್ನ ತಮ್ಮನ ಥರಾನೇ ಇದಾನೆ. ಅವನ ಕೈಲಿ ಲಿಫ್ಟ್ ರಿಪೇರಿ ಮಾಡಿಸ್ಲಾ?"

"ಮತ್ತೆ ಇದರಲ್ಲಿ ಇರೋದೇನು?"

"ಮುಕ್ಕಾಲುಪಾಲಿಗಿಂತ ಜಾಸ್ತಿ ನೀರು. ಮಿಕ್ಕಿದ್ದರಲ್ಲಿ ಒಳ್ಳೇ ಸೊಪ್ಪಿನಲ್ಲಿ ಇರೋದೆಲ್ಲ ಇದೆ. ಎ ವಿಟಮಿನ್ ಆಗೋ ಸತ್ವ, ಸಿ, ಇ, ಕೆ ವಿಟಮಿನ್, ಒಂಚೂರು ಕಬ್ಬಿಣ. ಕರುಳು ಹುಣ್ಣಾದವರಿಗೆ ಆರಾಮ ಆಯ್ತು ಅಂತ ಒಂದು ಸಣ್ಣ ಪರೀಕ್ಷೆಯಲ್ಲಿ ಕಂಡಿದೆ. ರಕ್ತದ ಕಾಯಿಲೆಗೆ ಪದೇ ಪದೇ ರಕ್ತ ಹಾಕಿಸ್ಕೊಳ್ಳೋ ಮಕ್ಕಳ ಮೇಲೂ ನೋಡಿದಾರೆ. ಕೆಲವು ಕಡೆ ಉಪಯೋಗ ಆಯ್ತು ಅಂದ್ರು, ಕೆಲವು ಕಡೆ ಇಲ್ಲ ಅಂದ್ರು. 'ಗುಣವಾಗುತ್ತೆ' ಅಂತ ಮಾತ್ರ ಬರೀಬೇಡಿ. ಬರೆದ್ರೆ ಕತ್ತರಿ ನಿಮ್ಮ ಕಾಗದಕ್ಕೆ."

"ಹಾಗಾದ್ರೆ ಈ ಏಳು ಜನ ಯಾಕೆ ಬರ್ತಾರೆ?"

ಅಕ್ಕ ಕೈ ನಿಲ್ಲಿಸಿದಳು. "ಟೈಲರಮ್ಮ ಮೊದ್ಲು ಒಂಬತ್ತು ಗಂಟೆಗೆ ಏಳೋಳು, ಟೀ ಬಿಟ್ರೆ ಮಧ್ಯಾಹ್ನದವರೆಗೆ ಏನೂ ಇಲ್ಲ. ಈಗ ಆರಕ್ಕೆ ಏಳ್ತಾಳೆ, ಎರಡು ಮಹಡಿ ಹತ್ತಿ ಬರ್ತಾಳೆ, ನಾಲ್ಕು ಜನರ ಹತ್ರ ಮಾತಾಡ್ತಾಳೆ. ಹುಲ್ಲಿನದ್ದೆಷ್ಟು, ಮೆಟ್ಟಿಲಿನದ್ದೆಷ್ಟು, ಮಾತಿನದ್ದೆಷ್ಟು ಅಂತ ಅಳೆಯೋ ಮಿಷನ್ನು ನಮ್ಮ ಲ್ಯಾಬಲ್ಲೂ ಇರ್ಲಿಲ್ಲ."

ಇಂಥ ಹೆಂಗಸನ್ನು ಹತ್ತು ಲಾಭದಲ್ಲಿ ಎಷ್ಟನೆಯದಕ್ಕೆ ಸೇರಿಸಲಿ, ಹೇಳಿ.

ತಮ್ಮನ ವಿಷಯ ಬಂತಲ್ಲ, ಅದನ್ನು ಹೇಳಿಬಿಡುತ್ತೇನೆ. ಅಕ್ಕನಿಗಿಂತ ಹನ್ನೊಂದು ವರ್ಷ ಚಿಕ್ಕವನು, ಲಿಫ್ಟ್ ಮೆಕ್ಯಾನಿಕ್, ಅಕ್ಕನ ಮನೆಯಲ್ಲೇ ಇದ್ದಾನೆ. ಎರಡು ವರ್ಷದ ಹಿಂದೆ, ಒಂದು ಬುಧವಾರ, ಅವನ ಹೃದಯದ ಕವಾಟ ತೆಗೆದು ಲೋಹದ್ದು ಹಾಕಿದರು. (ಒಂದು ವಾರ ಬಿಟ್ಟು ಬುಧವಾರದ ಟ್ರೇ ಖಾಲಿ ಇತ್ತು. ಒಂದೇ ಸಲ ಅಂದೆನಲ್ಲ, ಅದು ಇದೇ.) ಕೋಣೆ ಸದ್ದಿಲ್ಲದೆ ಇದ್ದರೆ ಅವನ ಎದೆಯೊಳಗಿನ ಟಿಕ್ ಟಿಕ್ ಪಕ್ಕದವರಿಗೂ ಕೇಳುತ್ತದೆ. ಲೋಹದ ಮೇಲೆ ರಕ್ತ ಗರಣೆ ಕಟ್ಟಬಾರದು ಅಂತ ದಿನಾ ಒಂದು ಮಾತ್ರೆ, ಬದುಕಿರುವವರೆಗೂ. ಹುಲ್ಲಿನಲ್ಲಿರುವ ಕೆ ವಿಟಮಿನ್ ರಕ್ತವನ್ನು ಹೆಪ್ಪುಗಟ್ಟಿಸುವ ಕಡೆಯದು. ಮಾತ್ರೆ ಆ ಕಡೆ ಎಳೆದರೆ ಇದು ಈ ಕಡೆ ಎಳೆಯುತ್ತದೆ. ಇದೆಲ್ಲ ಗೊತ್ತಿರುವುದರಿಂದಲೇ ಇಡೀ ಕಟ್ಟಡಕ್ಕೆ ರಸ ಕೊಡುವವಳು ತಮ್ಮನಿಗೆ ಮಾತ್ರ ಒಂದು ಹನಿ ಕೊಡುವುದಿಲ್ಲ.

ಅವನಿಗೆ ಮೊದಲ ತುತ್ತು ತಿನ್ನಿಸಿದ್ದು ಇದೇ ಕೈ.

೩

ಈ ಭಾಗವನ್ನು ಅಕ್ಕ ಹರಿದುಹಾಕಿದಳು. ಹರಿಯಬೇಕಾದದ್ದೇ. ಆದರೂ ಏನಿತ್ತು ಅಂತ ಹೇಳಿಬಿಡುತ್ತೇನೆ, ತಪ್ಪು ನನ್ನದು.

ತಮ್ಮ ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದಿದ್ದ. ಕೈಗೆ ಗ್ರೀಸು, ಮುಖದಲ್ಲಿ ನಗು. "ಸಾರ್, ನನಗೂ ಒಂದು ಲೋಟ ಬರೆದುಬಿಡಿ. ಕಥೆಯಲ್ಲಿ ಕುಡಿದ್ರೆ ಏನಾಗುತ್ತೆ?"

"ಅಕ್ಕ ಬೇಡ ಅಂದಿದಾಳಲ್ಲಪ್ಪ."

"ಅಕ್ಕ ಹೇಳೋದು ಸರಿ ಸಾರ್. ಆದ್ರೆ ದಿನಾ ಬೆಳಗ್ಗೆ ಏಳು ಜನ ಅವಳ ಮುಂದೆ ಸಾಲು ನಿಂತಿರ್ತಾರೆ. 'ಅಕ್ಕ, ನಿಮ್ಮ ಕೈ ಗುಣ' ಅಂತಾರೆ. ನಾನು ಟೂಲ್ಸ್ ಬ್ಯಾಗು ಹಿಡ್ಕೊಂಡು ಪಕ್ಕದಲ್ಲೇ ಹಾದುಹೋಗ್ತೀನಿ. ಊರಿಗೆಲ್ಲ ಕೊಡೋ ಕೈ ನನ್ನ ಕಂಡ ತಕ್ಷಣ ಲೋಟ ಹಿಂದೆ ಮುಚ್ಚಿಟ್ಕೊಳ್ಳುತ್ತೆ. ನಾನೇನು ಕಳ್ಳನಾ?"

ಪೆನ್ನು ಕೈಗೆತ್ತಿಕೊಂಡೆ. ಲೋಟ ಕೊಡುವ ಧೈರ್ಯ ಬರಲಿಲ್ಲ, ಒಂದು ಹಿಡಿ ಹುಲ್ಲು ಕೊಟ್ಟೆ. ಲಿಫ್ಟಿನ ಮಿಷನ್ ರೂಮು ಇರುವುದು ಅದೇ ಗಾಜಿನ ಸೂರಿನ ಪಕ್ಕ. ದಿನಾ ಅಲ್ಲಿಗೆ ಹೋಗುವಾಗ ಟ್ರೇಯ ಹಿಂಬದಿಯಿಂದ ಒಂದು ಹಿಡಿ ಕತ್ತರಿಸಿಕೊಂಡು ಅಗಿಯುತ್ತಾನೆ ಅಂತ ಬರೆದೆ. ಬರೆಯುತ್ತ ಬರೆಯುತ್ತ ಕೈ ಓಡಿತು ನೋಡಿ. ಮೂರು ವಾರ ಕಳೆಸಿದೆ, ಎರಡು ಮಹಡಿಗಳ ನಡುವೆ ಲಿಫ್ಟ್ ನಿಲ್ಲಿಸಿದೆ, ಒಳಗೆ ಅವನೊಬ್ಬನೇ ಕುಸಿದ. ಟಿಕ್ ಟಿಕ್ ನಿಂತಿತು. ಭಲೇ ಬರೆದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಕ್ಕ ಓದಿದಳು. ಕನ್ನಡಕ ತೆಗೆದಳು.

"ನಿಮಗೆ ಕಥೆ ಬೇಕು. ನನಗೆ ತಮ್ಮ ಬೇಕು," ಅಂದಳು. ಹರಿದಳು.

ಕಾಗದದಲ್ಲಿ ಸತ್ತವನನ್ನು ಎಬ್ಬಿಸುವುದು ಸುಲಭ, ಎಬ್ಬಿಸಿದೆ. ಮೂರು ವಾರ ಅಗಿದು ನುಂಗಿದ ಹುಲ್ಲಿನ ರಸವನ್ನು ಮಾತ್ರ ವಾಪಸ್ ತೆಗೆಯಲು ನನ್ನಿಂದ ಆಗಲಿಲ್ಲ. ಅದು ಆಗಲೇ ಅವನ ರಕ್ತದಲ್ಲಿತ್ತು.

೪

ಗುರುವಾರ ಬೆಳಗ್ಗೆ. ಅಕ್ಕ ಟ್ರೇಯನ್ನು ತಿರುಗಿಸಿ ಹಿಂಬದಿ ನೋಡಿದಳು. ಗೋಡೆಯ ಕಡೆ ಒಂದು ಹಿಡಿಯಷ್ಟು ಜಾಗ ಬೋಳು. ಬುಡ ನೇರವಾಗಿ ಇರಲಿಲ್ಲ. ತಂತಿ ಕತ್ತರಿಸುವ ಕಟರಿನಲ್ಲಿ ಹಿಸುಕಿದ ಹಾಗೆ ಚಪ್ಪಟೆ, ಓರೆ. ಮೂಗಿನ ಹತ್ತಿರ ಹಿಡಿದಳು. ಗ್ರೀಸು.

ಮಿಷನ್ ರೂಮಿನ ಬಾಗಿಲು ತೆಗೆದಳು. ಮೂಲೆಯಲ್ಲಿ ಹಳೇ ಬಣ್ಣದ ಡಬ್ಬಿ. ಡಬ್ಬಿಯೊಳಗೆ ಅಗಿದು ರಸ ನುಂಗಿ ಉಗಿದ ಹಸಿರು ಉಂಡೆಗಳು, ಒಣಗಿದ್ದು ಕೆಳಗೆ, ಹಸಿ ಇರುವುದು ಮೇಲೆ. ಲ್ಯಾಬಿನವಳಲ್ಲವೇ, ಎಣಿಸಿದಳು. ಇಪ್ಪತ್ತೊಂದು.

ಅವತ್ತು ಏಳು ಜನಕ್ಕೂ ರಸ ಸಿಗಲಿಲ್ಲ. ಅಕ್ಕ ತಮ್ಮನ ತೋಳು ಹಿಡಿದು ಮೆಟ್ಟಿಲಲ್ಲೇ ಇಳಿಸಿಕೊಂಡು ಆಸ್ಪತ್ರೆಗೆ ಹೋದಳು. ಅವಳ ಹಳೇ ಲ್ಯಾಬಿನಲ್ಲೇ ರಕ್ತ ತೆಗೆದರು. ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆ ಅಂತ ಹೇಳುವ, ಎರಡೂವರೆಯಿಂದ ಮೂರೂವರೆಯ ನಡುವೆ ಇರಬೇಕಾದ ಅಂಕಿ ಒಂದೂ ಮುಕ್ಕಾಲಿಗೆ ಇಳಿದಿತ್ತು. ಸಾವಿರಾರು ಜನರ ಅಂಕಿಯನ್ನು ಕಣ್ಣು ಮಿಟುಕಿಸದೆ ಬರೆದುಕೊಟ್ಟವಳು ಈ ಒಂದನ್ನು ನೋಡಿ ಕುರ್ಚಿ ಹುಡುಕಿದಳು.

ಡಾಕ್ಟರಮ್ಮ ಬೈಯಲಿಲ್ಲ. ಹೆಪ್ಪು ಕಟ್ಟಿದೆಯಾ ಅಂತ ಪರೀಕ್ಷೆ ಮಾಡಿಸಿದರು. ಕಟ್ಟಿರಲಿಲ್ಲ. "ಹುಲ್ಲು ವಿಷ ಅಲ್ಲ," ಅಂದರು. "ನಮಗೆ ಹೇಳದೆ ತಿಂದದ್ದು ತಪ್ಪು. ಈಗ ಒಮ್ಮೆಲೇ ಬಿಟ್ಟರೂ ಅಂಕಿ ಏರುಪೇರಾಗುತ್ತೆ. ನಾನು ಹೇಳಿದ ಹಾಗೆ ಮಾತ್ರೆ, ನಾನು ಹೇಳಿದ ದಿನ ರಕ್ತ ಪರೀಕ್ಷೆ. ತಪ್ಪಿಸಬಾರದು."

ವಾಪಸ್ ಬರುವಾಗ ಐದು ಮಹಡಿ ಲಿಫ್ಟಿನಲ್ಲಿ ಇಬ್ಬರೇ. ಟಿಕ್ ಟಿಕ್ ಸ್ಪಷ್ಟವಾಗಿ ಕೇಳುತ್ತಿತ್ತು.

"ಯಾಕೋ ಹೀಗೆ ಮಾಡ್ದೆ?"

"ಏನಿಲ್ಲ ಕಣಕ್ಕ. ನಿನ್ನ ಕೈಯದು ಬೇಕಿತ್ತು."

ಅಕ್ಕ ಬಾಯಿಬಿಟ್ಟು ಅತ್ತಳು. ನಾನು ಎಲ್ಲಾದರೂ ಒಂದು ಉಪಮೆ ಹಾಕೋಣ ಅಂತ ನೋಡಿದೆ. ಬೇಡ. ಅತ್ತಳು, ಅಷ್ಟೇ. ತಮ್ಮ ಗ್ರೀಸಿನ ಕರವಸ್ತ್ರ ಕೊಟ್ಟ. ಒರೆಸಿಕೊಂಡ ಮೇಲೆ ಅವಳ ಮೂಗಿನ ಮೇಲೆ ಕಪ್ಪು ಗೆರೆ ಮೂಡಿತು, ಅವನು ನಕ್ಕ, ಅವಳು ತಲೆಗೆ ಒಂದು ಮೊಟಕಿದಳು.

೫, ಮುಕ್ತಾಯಗಳು

ಅ) ಡಾಕ್ಟರಮ್ಮನಿಗೆ ಹೇಳಿ, ದಿನಾ ಒಂದೇ ಅಳತೆಯ ರಸಕ್ಕೆ ತಕ್ಕಂತೆ ಮಾತ್ರೆ ಹೊಂದಿಸಿಕೊಂಡು ತಮ್ಮನೂ ಕುಡಿಯುತ್ತಾನೆ. ಆಗದ ಮಾತೇನಲ್ಲ. ಅಕ್ಕ ತಲೆ ಅಲ್ಲಾಡಿಸಿದಳು: "ಇವನಾ? ಒಂದೇ ಅಳತೆನಾ? ಹಬೆ ಬರೋ ಟೀಗೆ ಎಷ್ಟು ಸಕ್ಕರೆ ಹಾಕ್ಕೊಂಡೆ ಅನ್ನೋದೇ ಇವನಿಗೆ ನೆನಪಿರಲ್ಲ."

ಆ) ಅಕ್ಕ ಏಳೂ ಟ್ರೇ ಕಸಕ್ಕೆ ಸುರಿಯುತ್ತಾಳೆ. ಇದನ್ನು ಬರೆದ ಕೂಡಲೇ ಟೈಲರಮ್ಮ ಜಗಳಕ್ಕೆ ಬಂದಳು. ತಮ್ಮನೂ ಬಂದ: "ನನ್ನಿಂದ ಅವಳ ಟ್ರೇ ನಿಲ್ಲೋದಾದ್ರೆ ನನ್ನ ಹೆಸರು ಕಥೆಯಿಂದ ತೆಗೀರಿ ಸಾರ್." ನಾನು ಅವನಿಗೆ ಹೆಸರೇ ಇಟ್ಟಿರಲಿಲ್ಲ. ಆ ಮುಕ್ತಾಯಕ್ಕೆ ಅಡ್ಡಗೆರೆ ಎಳೆದೆ.

ಇ) ನನಗೆ ಹೊಳೆಯಲಿಲ್ಲ. ಅಕ್ಕನಿಗೆ ಹೊಳೆಯಿತು.

ಮಿಷನ್ ರೂಮಿನ ಹಿಂದಿದ್ದ ದೊಡ್ಡ ಪ್ಲಾಸ್ಟಿಕ್ ಬಕೆಟ್ಟನ್ನು ಅವಳು ಸಾಬೂನು ಹಾಕಿ ಉಜ್ಜಿದಳು, ತಳಕ್ಕೆ ತೂತು ಕೊರೆದಳು, ಮಣ್ಣು ತುಂಬಿದಳು. ಟ್ರೇಗಳಿಗೆ ಹಾಕುವ ಅದೇ ಗೋಧಿ, ಆದರೆ ದಟ್ಟವಾಗಿ ಹರಡಲಿಲ್ಲ, ಬೆರಳಿನಿಂದ ದೂರ ದೂರ ಊರಿದಳು. ಬಕೆಟ್ಟಿನ ಮೇಲೆ ಲ್ಯಾಬ್ ಪೆನ್ಸಿಲಿನಲ್ಲಿ ವಾರದ ಹೆಸರು ಬರೆಯಲಿಲ್ಲ. "ತಮ್ಮ" ಅಂತ ಬರೆದಳು.

"ಇದು ನಿಂದು. ಇದಕ್ಕೆ ಕತ್ತರಿ ಇಲ್ಲ," ಅಂದಳು. "ಗೆಣ್ಣು ಕಟ್ಟಲಿ, ತೆನೆ ಬರಲಿ. ಎಲೆಯಲ್ಲಿ ಇರೋ ಅಷ್ಟು ಕೆ ಕಾಳಲ್ಲಿ ಇರಲ್ಲ. ಹಿಟ್ಟು ಮಾಡಿ, ಒಂದು ಬಿಸ್ಕತ್ತು ಸುಟ್ಟು, ನನ್ನ ಕೈಯಾರೆ ನಿನ್ನ ಬಾಯಿಗೆ ಇಡ್ತೀನಿ."

"ಎಷ್ಟು ದಿನ ಆಗುತ್ತೆ?"

"ನಾಲ್ಕು ತಿಂಗಳು."

"ಅಲ್ಲಿವರೆಗೆ ನಾನೇನು ಮಾಡ್ಲಿ?"

"ಇರು," ಅಂದಳು ಅಕ್ಕ.

೬

ಪುರವಣಿಯವರು ಮತ್ತೆ ಫೋನ್ ಮಾಡಿದ್ದರು. ಹತ್ತು ಲಾಭ ಎಲ್ಲಿ, ಮುಕ್ತಾಯ ಎಲ್ಲಿ ಅಂತ. ತೆನೆ ಬಂತಾ, ಅವನು ಉಳಿದನಾ, ಬಿಸ್ಕತ್ತು ತಿಂದನಾ ಅಂತ ನೀವೂ ಕೇಳುತ್ತೀರಿ. ಒಂದು ಸಾಲು ಬರೆದರೆ ಮುಗಿಯಿತು, ಗೊತ್ತು. ಒಮ್ಮೆ ಅವಸರಪಟ್ಟು ಬರೆದೇ ಅವನನ್ನು ಲಿಫ್ಟಿನಲ್ಲಿ ಕೊಂದಿದ್ದೆ. ಈ ಸಲ ಬಕೆಟ್ಟಿನ ಗೋಧಿಗಿಂತ ಒಂದು ದಿನವೂ ಮುಂದೆ ಹೋಗುವುದಿಲ್ಲ.

ಇವತ್ತು ಅರವತ್ತಮೂರನೇ ದಿನ. ಗೆಣ್ಣು ಕಟ್ಟಿದೆ, ತೆನೆ ಇನ್ನೂ ಇಲ್ಲ. ಹೋದ ವಾರದ ಅಂಕಿ ಎರಡೂ ಮುಕ್ಕಾಲು. ಬೆಳಗ್ಗೆ ಆರೂವರೆಗೆ ಸಾಲಿನಲ್ಲಿ ಈಗ ಎಂಟು ಜನ. ಡ್ರಾಯಿಂಗ್ ಮೇಷ್ಟ್ರ ಹಿಂದೆ ತಮ್ಮ, ಟೂಲ್ಸ್ ಬ್ಯಾಗು ಕೆಳಗಿಟ್ಟು, ಕೈ ತೊಳೆದುಕೊಂಡು ನಿಂತಿರುತ್ತಾನೆ. ಅವನ ಸರದಿ ಬಂದಾಗ ಅಕ್ಕ ಅವನಿಗೂ ಅಂಥದೇ ಗೆರೆಯ ಲೋಟದಲ್ಲಿ, ಗೆರೆಗೆ ಸರಿಯಾಗಿ, ಮೂವತ್ತು ಎಂ.ಎಲ್. ನೀರು ಕೊಡುತ್ತಾಳೆ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಕೆಟ್ಟಿಗೆ ಹುಯ್ಯುತ್ತಾನೆ.

"ಇದಕ್ಕೆ ಸಾಕಾಗಲ್ಲ ಅಕ್ಕ, ಇನ್ನೊಂದು ಕೊಡು."

"ಸಾಲಲ್ಲಿ ಬಾ," ಅನ್ನುತ್ತಾಳೆ. ಅವನು ಹೋಗಿ ಮತ್ತೆ ಕೊನೆಗೆ ನಿಲ್ಲುತ್ತಾನೆ.