ಐದು ಸಾವಿರದ ನಲವತ್ತೊಂದನೆಯದು

“ಎಂಥಾ ಒಳ್ಳೆ ಸಂಖ್ಯೆ ನೋಡಿ ಮೇಸ್ತ್ರಿ, ಐದು ಸಾವಿರದ ನಲವತ್ತು. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದ್ರೂ ಶೇಷ ಉಳಿಯಲ್ಲ,” ಎಂದು ಎಂಜಿನಿಯರು ನಕ್ಷೆ ಮುಂದೆ ಹಿಡಿದ. “ಎಪ್ಪತ್ತು ಸಾಲು, ಸಾಲಿಗೆ ಎಪ್ಪತ್ತೆರಡು ಕಲ್ಲು. ಮುಗೀತಲ್ಲ?”

ಮೇಸ್ತ್ರಿಯಾದ ಅವಳು ನಕ್ಷೆ ನೋಡಲಿಲ್ಲ. ಕೆಡವಿದ ಹಳೆಯ ಸಭಾಂಗಣದಿಂದ ಎಬ್ಬಿಸಿ ತಂದ ಅಂಗೈಯಗಲದ ಕಲ್ಲುಗಳು ಹೊಸ ವಾಚನಾಲಯದ ಗೋಡೆಗೊರಗಿ ಕಾಯುತ್ತಿದ್ದವು. ನಲವತ್ತು ವರ್ಷದ ಹಿಂದೆ ಅವನ್ನು ಹಾಸಿದ್ದು ಅವಳಪ್ಪ. ನಡುವೆ ಒಂದು ಬಿಳಿ ಕಲ್ಲು, ಅದರ ಸುತ್ತ ಕಪ್ಪು ಕಲ್ಲಿನ ಚೌಕ ಸುತ್ತು, ಮತ್ತೆ ಬಿಳಿ, ಹೀಗೆ ಗೋಡೆಯವರೆಗೆ. ಅಪ್ಪ ಹಾಸಿದ ನೆಲಗಳಲ್ಲಿ ಉಳಿದಿದ್ದು ಇದೊಂದೇ.

ಅಪ್ಪ ಐದು ಸಾವಿರದ ನಲವತ್ತೊಂದು ಅಂದಿದ್ದ. ಇವಳು ಎರಡು ಸಲ ಎಣಿಸಿದರೂ ಒಂದು ಕಡಿಮೆ. “ಅಪ್ಪಾ, ನಿನಗೆ ವಯಸ್ಸಾಯ್ತು, ಎಣಿಕೆ ತಪ್ತಿದೆ. ಮನೇಲಿರು,” ಎಂದು ಆಳುಗಳೆದುರೇ ಅಂದುಬಿಟ್ಟಿದ್ದಳು. ಚೀಲ ಹೆಗಲಿಗೇರಿಸಿ ಹೋದ ಅಪ್ಪ ಮೂರು ದಿನದಿಂದ ಮಾತು ಬಿಟ್ಟಿದ್ದ.

ಅವಳು ಕುಕ್ಕರಗಾಲಲ್ಲಿ ಕೂತು ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದಳು. ಸುತ್ತ ಎಂಟು, ಒಟ್ಟು ಒಂಬತ್ತು. ಅದರ ಸುತ್ತ ಹದಿನಾರು, ಇಪ್ಪತ್ತೈದು. ಆಮೇಲೆ ನಲವತ್ತೊಂಬತ್ತು. ಕೈ ಅಲ್ಲೇ ನಿಂತಿತು.

“ಮೂರ್ ಮೂರ್ಲ, ಐದೈದ್ಲ, ಏಳೇಳ್ಲ. ಎಲ್ಲಾ ಬೆಸದ ವರ್ಗ ಸರ್. ಎಷ್ಟು ಸುತ್ತು ಹಾಕಿದ್ರೂ ಸಮಸಂಖ್ಯೆ ಬರೋಕೆ ದಾರೀನೇ ಇಲ್ಲ. ಎಪ್ಪತ್ತೊಂದನ್ನ ಎಪ್ಪತ್ತೊಂದರಿಂದ ಗುಣಿಸಿ.”

ಎಂಜಿನಿಯರು ಫೋನು ಒತ್ತಿದ. “ಐದು ಸಾವಿರದ... ನಲವತ್ತೊಂದು.”

“ಅಪ್ಪ ತಪ್ಪಿಲ್ಲ. ತಪ್ಪಿದ್ದು ನಾನು.”

“ಒಂದು ಕಲ್ಲು ತಾನೆ? ನಡುವೆ ಸಿಮೆಂಟು ಮೆತ್ತಿ.”

“ಮಧ್ಯಾಹ್ನದೊಳಗೆ ತರ್ತೀನಿ. ತರದಿದ್ರೆ ನಿಮ್ಮ ಎಪ್ಪತ್ತೆರಡೇ ಹಾಕ್ತೀನಿ,” ಎಂದು ಎದ್ದಳು. ಅಪ್ಪನ ನೆಲವನ್ನೇ ಪಣಕ್ಕಿಟ್ಟಿದ್ದಳು, ಆದರೂ ಎದೆ ಅಳುಕಲಿಲ್ಲ.

ಅಪ್ಪ ಮನೆಯ ಮೆಟ್ಟಿಲ ಮೇಲೆ ಕೂತಿದ್ದ, ತೊಡೆಯ ಮೇಲೆ ಚೀಲ.

“ನೀನು ಹೇಳಿದ್ದೇ ಸರಿ ಅಪ್ಪಾ. ಒಂದು ಕಲ್ಲು ಕಾಣ್ತಿಲ್ಲ.”

“ನೆಲ ಎಬ್ಬಿಸೋದು ಎಲ್ಲಿಂದ?”

“ನಡುವಿಂದ.”

“ಎಬ್ಬಿಸಿದ ಮೊದಲನೇ ಕಲ್ಲು?”

ಅವಳು ನಾಲಿಗೆ ಕಚ್ಚಿಕೊಂಡಳು. ಮತ್ತೆ ಹಾಸುವುದು ಆ ಕಲ್ಲಿನಿಂದಲೇ. ಅದು ರಾಶಿಯಲ್ಲಿ ಬೆರೆಯದಂತೆ ಎಬ್ಬಿಸಿದವರ ಚೀಲದಲ್ಲಿರಬೇಕು. ಹತ್ತು ವರ್ಷದವಳಿದ್ದಾಗ ಅಪ್ಪ ಕಲಿಸಿದ ಮೊದಲ ಪಾಠ ಅದು. ಈ ಸಲವೂ ಮೊದಲ ಕಲ್ಲನ್ನು ಅಪ್ಪನೇ ಎಬ್ಬಿಸಿದ್ದ.

“ನನಗಾದ್ರೆ ವಯಸ್ಸಾಯ್ತು. ನಿನಗೇನಾಗಿತ್ತು?” ಎಂದ ಅಪ್ಪ.

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ. “ಬಾ, ನೀನೇ ಇಡು.”

“ಕೈ ನಡುಗುತ್ತಲ್ಲೇ.”

“ನಡುಗಲಿ. ಗಾರೆ ಹಸಿಯಾಗೇ ಇರುತ್ತೆ, ನಿಧಾನಕ್ಕೆ ಇಡು.”

ವಾಚನಾಲಯದಲ್ಲಿ ಎಂಜಿನಿಯರೂ ಆಳುಗಳೂ ಸುತ್ತ ನಿಂತಿದ್ದರು. ಅಪ್ಪ ಚೀಲದಿಂದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬಿಳಿ ಕಲ್ಲನ್ನು ತೆಗೆದು ಗಾರೆಯ ಮೇಲಿಟ್ಟು, ಕರಣಿಯ ಹಿಡಿಯಿಂದ ಮೂರು ಸಲ ತಟ್ಟಿ, ಕೈ ಹಿಂದಕ್ಕೆಳೆದುಕೊಂಡ. ಮಗಳು ಕಲ್ಲಿನ ಮೇಲೆ ರಸಮಟ್ಟವಿಟ್ಟು, ಸಮ ಕೂತಿದೆಯೇ ಎಂದು ಬಗ್ಗಿ ನೋಡಿದಳು. ಗಾಜಿನೊಳಗಿನ ಗುಳ್ಳೆ ಅತ್ತಿತ್ತ ತೂಗಿ, ಎರಡು ಗೆರೆಗಳ ನಡುವೆ ಬಂದು ನಿಂತಿತು.